ಆಡಿದವನು ಆಡಿಸುವವನಾದಾಗ

ಸುಗ್ಗಿ ಮುಗಿದ ಮೇಲೆ ತುಂಗಭದ್ರೆಯ ದಂಡೆಯ ಊರುಗಳಲ್ಲಿ ನೆಲಕ್ಕೆ ಕೆಲವು ದಿನಗಳ ಬಿಡುವು ದೊರೆಯುತ್ತದೆ. ಸಿರುಗುಪ್ಪದ ಬಳಿಯ ದೇಶನೂರಿನಲ್ಲಿಯೂ ಅಷ್ಟೆ. ಭತ್ತದ ಕೊಯ್ಲು ಮುಗಿದು, ಹುಲ್ಲು ಬಣವೆಗೆ ಸೇರಿದ ಬಳಿಕ ಬರಿದಾದ ಗದ್ದೆ ಮಕ್ಕಳ ಪಾಲಾಗುತ್ತದೆ. ಈ ಕಡೆ ಎರಡು ಕಲ್ಲು, ಆ ಕಡೆ ಎರಡು ಕಲ್ಲು ಇಟ್ಟರೆ ಗೋಲಿನ ಕಂಬಗಳಾದುವು. ಒಂದು ಚೆಂಡಿದ್ದರೆ ಕಾಲ್ಚೆಂಡಾಟಕ್ಕೆ ಬೇರೇನೂ ಬೇಡ. ಆಟ ಆರಂಭವಾದ ಸ್ವಲ್ಪ ಹೊತ್ತಿಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹೆಚ್ಚಿನ ಮಕ್ಕಳು ಚೆಂಡಿನ ಹಿಂದೆ ಗುಂಪುಗೂಡಿ ಓಡುತ್ತಾರೆ. ಒಬ್ಬ ಹುಡುಗ ಮಾತ್ರ ನಡುವೆ ನಿಂತು, "ನೀನು ಅತ್ತ ಹೋಗೋ, ಅವನನ್ನು ನೀನು ನೋಡಿಕೋ" ಎಂದು ಕೂಗಿ ಹೇಳುತ್ತಿರುತ್ತಾನೆ. ಚೆಂಡು ಎಲ್ಲಿದೆ ಎಂಬುದನ್ನು ಎಲ್ಲರೂ ನೋಡುತ್ತಾರೆ. ಚೆಂಡು ಎಲ್ಲಿಗೆ ಬರಲಿದೆ ಎಂಬುದನ್ನು ಅವನೊಬ್ಬ ನೋಡುತ್ತಾನೆ. ಆಟಗಾರನೊಳಗೆ ಅಡಗಿರುವ ಗುರುವಿನ ಮೊದಲ ಮೊಳಕೆ ಅದು.

ಆಡುವುದು ಒಂದು ವಿದ್ಯೆ. ಆಡಿಸುವುದು ಇನ್ನೊಂದು ವಿದ್ಯೆ. ಮೊದಲನೆಯದರಲ್ಲಿ ನಿಪುಣನಾದವನು ಎರಡನೆಯದರಲ್ಲಿಯೂ ನಿಪುಣನಾಗುವನೆಂಬ ನಿಯಮವಿಲ್ಲ. ಆಟಗಾರನ ಕೀರ್ತಿಯನ್ನು ಸಾವಿರಾರು ಜನ ಕಣ್ಣಾರೆ ಕಂಡು ಕೊಂಡಾಡುತ್ತಾರೆ. ತರಬೇತುದಾರನ ಕೆಲಸವಾದರೋ ಬೇರಿನಂತೆ ನೆಲದೊಳಗೆ ನಡೆಯುವಂಥದು. ಮೈದಾನದಲ್ಲಿ ಮೆರೆದು, ಬಳಿಕ ಮೈದಾನದ ಅಂಚಿಗೆ ಸರಿದು ನಿಂತು, ತಾನು ಕಲಿತುದನ್ನು ಕಿರಿಯರಿಗೆ ಧಾರೆಯೆರೆದವರಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಚಾಪ್ಮನ್ ಒಬ್ಬರು. ಅವರ ಬಾಳಿನ ದಾರಿಯನ್ನು ಅರಿಯಬೇಕಾದರೆ, ಮೊದಲು ಅವರಿಗಿಂತ ಹಿಂದೆ ಆ ದಾರಿಯನ್ನು ತುಳಿದವರನ್ನು ನೆನೆಯಬೇಕು.

ಕಾಲ್ಚೆಂಡಾಟದ ನಿಯಮಗಳು 1863ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ ಒಂದು ರೂಪಕ್ಕೆ ಬಂದುವು. ಅಲ್ಲಿಂದ ಆಂಗ್ಲ ಸೈನಿಕರೊಡನೆ ಈ ಆಟ ಭಾರತದ ದಂಡುಗಳಿಗೆ ಬಂದಿತು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಸೈನಿಕರು ಬೂಟು ತೊಟ್ಟು ಆಡುತ್ತಿದ್ದುದನ್ನು ಸುತ್ತಲಿನ ಬಡ ಬಡಾವಣೆಗಳ ಹುಡುಗರು ಕಂಡರು. ಬರಿಗಾಲಿನಲ್ಲಿಯೇ ಅದನ್ನು ಕಲಿತರು. ಕೆಲವೇ ದಶಕಗಳಲ್ಲಿ ಶಿಷ್ಯರು ಗುರುಗಳನ್ನು ಮೀರಿಸಿದರು. ಮುಂಬಯಿಯ ರೋವರ್ಸ್ ಕಪ್ ಪಂದ್ಯಾವಳಿಯನ್ನು ಬಹುಕಾಲ ಸೈನ್ಯದ ತಂಡಗಳೇ ಗೆಲ್ಲುತ್ತಿದ್ದುವು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಆ ಕಪ್ಪನ್ನು ಗೆದ್ದುಕೊಂಡು, ಆ ಗೌರವಕ್ಕೆ ಪಾತ್ರವಾದ ಮೊದಲ ಭಾರತೀಯ ತಂಡವೆನಿಸಿತು. ಮರುವರ್ಷವೂ ಕಪ್ಪು ಬೆಂಗಳೂರಿಗೇ ಬಂದಿತು.

1948ರ ಲಂಡನ್ ಒಲಿಂಪಿಕ್ಸ್ ಸ್ವತಂತ್ರ ಭಾರತದ ತಂಡ ಭಾಗವಹಿಸಿದ ಮೊದಲ ಒಲಿಂಪಿಕ್ಸ್. ಜುಲೈ 31ರಂದು ಭಾರತದ ಕಾಲ್ಚೆಂಡು ತಂಡವು ಫ್ರಾನ್ಸನ್ನು ಎದುರಿಸಿತು. ಭಾರತದ ಹೆಚ್ಚಿನ ಆಟಗಾರರು ಅಂದು ಬರಿಗಾಲಿನಲ್ಲಿ ಆಡಿದರು. ಎರಡು ಪೆನಾಲ್ಟಿಗಳು ಕೈತಪ್ಪಿ, ಆಟದ ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಹೊಡೆದ ಗೋಲಿನಿಂದ ಭಾರತವು 2-1ರಲ್ಲಿ ಸೋತಿತು. ಆದರೆ ಆ ಸೋಲಿನಲ್ಲಿಯೂ ಒಂದು ಹೆಮ್ಮೆಯಿತ್ತು. ಒಲಿಂಪಿಕ್ಸ್ ಕಾಲ್ಚೆಂಡಾಟದಲ್ಲಿ ಸ್ವತಂತ್ರ ಭಾರತದ ಮೊದಲ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹಮದ್ ಖಾನ್ ಮತ್ತು ಧನರಾಜ್ ಅವರೂ ಬೆಂಗಳೂರಿನವರೇ. ಇವರಿಬ್ಬರೂ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ಇತರ ಮೂವರೊಡನೆ ಸೇರಿ ಕಟ್ಟಿದ ಮುಂಪಡೆಯನ್ನು ಬಂಗಾಳದ ಜನ 'ಪಂಚಪಾಂಡವರು' ಎಂದು ಕರೆದು ಮನ್ನಿಸಿದರು.

ರಾಜ್ಯಗಳ ನಡುವೆ ನಡೆಯುವ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡವು 1946-47, 1952-53, 1967-68 ಮತ್ತು 1968-69ರಲ್ಲಿ ಹೀಗೆ ನಾಲ್ಕು ಬಾರಿ ಗೆದ್ದಿತು. ಬೆಂಗಳೂರಿನ ದೊಡ್ಡ ಕಾರ್ಖಾನೆಗಳಾದ ಐ.ಟಿ.ಐ., ಎಚ್.ಎ.ಎಲ್. ಮೊದಲಾದುವು ತಮ್ಮವೇ ತಂಡಗಳನ್ನು ಕಟ್ಟಿ ಆಟಗಾರರಿಗೆ ಉದ್ಯೋಗ ನೀಡಿದುವು. ಹಗಲು ಯಂತ್ರದ ಮುಂದೆ ನಿಂತವನು ಸಂಜೆ ಚೆಂಡಿನ ಮುಂದೆ ನಿಲ್ಲುತ್ತಿದ್ದನು. ಆದರೂ ದೊಡ್ಡ ಹೆಸರು ಬೇಕೆಂದವನು ಕಲ್ಕತ್ತೆಗೆ ಹೋಗಲೇಬೇಕಾಗಿತ್ತು. ಗಂಧದ ಮರ ಬೆಳೆದದ್ದು ಇಲ್ಲಿ. ಪರಿಮಳ ಹರಡಿದ್ದು ದೂರದಲ್ಲಿ. ಹಲಸೂರಿನ ಗೌತಮಪುರ, ಆಸ್ಟಿನ್ ಟೌನ್ ಮೊದಲಾದ ಬಡಾವಣೆಗಳಲ್ಲಿ ಮಾತ್ರ ಆಟದ ಹುಚ್ಚು ಎಂದೂ ಆರಲಿಲ್ಲ. ಗೌತಮಪುರದ ಜನ ಬ್ರೆಜಿಲಿನ ಮಹಾ ಆಟಗಾರ ಪೆಲೆಯ ಪ್ರತಿಮೆಯನ್ನು ತಮ್ಮ ಬೀದಿಯಲ್ಲಿಯೇ ನಿಲ್ಲಿಸಿಕೊಂಡಿರುವುದು ಈ ಪ್ರೀತಿಗೆ ಸಾಕ್ಷಿ.

ಇಂತಹ ಬೆಂಗಳೂರಿನಲ್ಲಿ 1971ರ ಏಪ್ರಿಲ್ 13ರಂದು ಕಾರ್ಲ್‌ಟನ್ ಚಾಪ್ಮನ್ ಜನಿಸಿದರು. ಆಸ್ಟಿನ್ ಟೌನಿನ ಮೈದಾನವೇ ಅವರ ಮೊದಲ ಪಾಠಶಾಲೆ. ಅಲ್ಲಿ ವಯಸ್ಸಿನ ಭೇದವಿರಲಿಲ್ಲ. ಹಿರಿಯರ ನಡುವೆ ನುಗ್ಗಿ ಚೆಂಡನ್ನು ಉಳಿಸಿಕೊಳ್ಳಬಲ್ಲ ಕಿರಿಯನಿಗೆ ಮಾತ್ರ ಎಡೆ. ಅವರ ಚಳಕವು ಮುಂದೆ ಅವರನ್ನು ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಕರೆದೊಯ್ದಿತು. 1987ರಲ್ಲಿ ಆರಂಭವಾದ ಈ ಸಂಸ್ಥೆಯು ಬಾಲಕರಿಗೆ ವಸತಿ, ವಿದ್ಯೆ, ಆಟ ಮೂರನ್ನೂ ಒಂದೇ ಸೂರಿನಡಿ ನೀಡುವ ಹೊಸ ಪ್ರಯತ್ನವಾಗಿತ್ತು. ಅದುವರೆಗೆ ನಮ್ಮ ಆಟಗಾರರು ಬೀದಿಯಲ್ಲಿ ಕಲಿತು ಕ್ಲಬ್ಬಿಗೆ ಹೋಗುತ್ತಿದ್ದರು. ಯಾವ ಹೊತ್ತಿಗೆ ಏಳಬೇಕು, ಏನು ತಿನ್ನಬೇಕು, ಎಷ್ಟು ಓಡಬೇಕು, ಎಷ್ಟು ವಿಶ್ರಮಿಸಬೇಕು ಎಂಬುದನ್ನು ಶಾಸ್ತ್ರೀಯವಾಗಿ ಹೇಳಿಕೊಡುವವರು ವಿರಳ. ಬೀದಿಯ ಚುರುಕಿಗೆ ಶಾಲೆಯ ಶಿಸ್ತು ಸೇರಿದಾಗ ಚಾಪ್ಮನ್ನರ ಆಟ ಪಕ್ವವಾಯಿತು.

1993ರಲ್ಲಿ ಅವರು ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದರು. ಆಗ ಅವರಿಗೆ 22 ವರ್ಷ. ಆ ವರ್ಷವೇ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯಾವಳಿಯಲ್ಲಿ ಇರಾಕಿನ ಬಲಿಷ್ಠ ತಂಡವಾದ ಅಲ್ ಜವ್ರಾ ಎದುರಾಯಿತು. ಏಷ್ಯದ ಕಾಲ್ಚೆಂಡಾಟದಲ್ಲಿ ಇರಾಕಿನದು ದೊಡ್ಡ ಹೆಸರು. ಭಾರತದ ಕ್ಲಬ್ಬೊಂದು ಅಂತಹ ತಂಡವನ್ನು ಗೆಲ್ಲುವುದು ಅಪರೂಪವಾಗಿದ್ದ ಕಾಲ ಅದು. ಆದರೆ ಈಸ್ಟ್ ಬೆಂಗಾಲ್ ಆ ಪಂದ್ಯವನ್ನು 6-2ರಿಂದ ಗೆದ್ದಿತು. ಆರು ಗೋಲುಗಳಲ್ಲಿ ಮೂರು ಚಾಪ್ಮನ್ ಒಬ್ಬರವೇ. ಆಸ್ಟಿನ್ ಟೌನಿನ ತರುಣನ ಹೆಸರು ಒಂದೇ ಸಂಜೆಯಲ್ಲಿ ಬಂಗಾಳದ ಮನೆಮಾತಾಯಿತು.

ಎರಡು ವರ್ಷಗಳ ಬಳಿಕ, 1995ರಲ್ಲಿ, ಅವರು ಪಂಜಾಬಿನ ಫಗ್ವಾರದ ಜೆ.ಸಿ.ಟಿ. ತಂಡವನ್ನು ಸೇರಿದರು. ಅಲ್ಲಿ ಅವರಿಗೆ ಕೇರಳದ ಐ. ಎಂ. ವಿಜಯನ್ ಮತ್ತು ಸಿಕ್ಕಿಮಿನ ಬೈಚುಂಗ್ ಭುಟಿಯಾ ಜೊತೆಯಾದರು. ಕರ್ನಾಟಕದವನು ನಡುವೆ ನಿಂತು ಚೆಂಡನ್ನು ಕಳಿಸುವುದು, ಕೇರಳದವನೂ ಸಿಕ್ಕಿಮಿನವನೂ ಮುಂದೆ ನಿಂತು ಅದನ್ನು ಗೋಲಿಗೆ ಸೇರಿಸುವುದು, ಗೆಲುವು ಪಂಜಾಬಿನದಾಗುವುದು. ದೇಶದ ಏಕತೆಯನ್ನು ಕುರಿತ ಎಷ್ಟೋ ಉಪನ್ಯಾಸಗಳಿಗಿಂತ ಈ ನೋಟ ಹೆಚ್ಚು ಅರ್ಥವತ್ತಾಗಿತ್ತು. ದೇಶದಲ್ಲಿ ಮೊತ್ತಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ 1996-97ರಲ್ಲಿ ನಡೆದಾಗ ಪ್ರಶಸ್ತಿಯನ್ನು ಗೆದ್ದುದು ಜೆ.ಸಿ.ಟಿ. ತಂಡವೇ. ಬಳಿಕ ಚಾಪ್ಮನ್ ಕೇರಳದ ಎಫ್.ಸಿ. ಕೊಚ್ಚಿನ್ ತಂಡದಲ್ಲಿ ಒಂದು ಋತು ಆಡಿ, 1998ರಲ್ಲಿ ಮತ್ತೆ ಈಸ್ಟ್ ಬೆಂಗಾಲಿಗೆ ಮರಳಿದರು. 2000-01ರಲ್ಲಿ ಅವರ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ಮೊದಲ ಬಾರಿಗೆ ರಾಷ್ಟ್ರೀಯ ಲೀಗನ್ನು ಗೆದ್ದುಕೊಂಡಿತು. ಅದಕ್ಕೂ ಮೊದಲೇ, 1997ರಲ್ಲಿ, ಕಠ್ಮಂಡುವಿನಲ್ಲಿ ನಡೆದ ದಕ್ಷಿಣ ಏಷ್ಯ ರಾಷ್ಟ್ರಗಳ ಪಂದ್ಯಾವಳಿಯಲ್ಲಿ ಅವರು ಭಾರತ ತಂಡವನ್ನು ಮುನ್ನಡೆಸಿದ್ದರು. ಅಂತಿಮ ಪಂದ್ಯದಲ್ಲಿ ಭಾರತವು ಮಾಲ್ಡೀವ್ಸನ್ನು 5-1ರಿಂದ ಸೋಲಿಸಿತು.

ಚಾಪ್ಮನ್ ಮಧ್ಯಪಡೆಯ ಆಟಗಾರರು. ಈ ಮಾತಿಗೆ ಇಲ್ಲಿ ವಿಶೇಷವಾದ ಅರ್ಥವಿದೆ. ಮುಂಪಡೆಯವನ ಕಣ್ಣು ಎದುರಾಳಿಯ ಗೋಲಿನ ಮೇಲೆ. ಹಿಂಪಡೆಯವನ ಕಣ್ಣು ತನ್ನ ಗೋಲಿನ ರಕ್ಷಣೆಯ ಮೇಲೆ. ನಡುವಿನವನು ಮಾತ್ರ ಎರಡನ್ನೂ ನೋಡಬೇಕು. ಹಿಂದಿನಿಂದ ಬಂದ ಚೆಂಡನ್ನು ತಡೆದು, ತಲೆಯೆತ್ತಿ, ಯಾರು ಎಲ್ಲಿದ್ದಾರೆ, ಯಾರ ಮುಂದೆ ಬಯಲಿದೆ ಎಂಬುದನ್ನು ಕ್ಷಣದಲ್ಲಿ ಅಳೆದು ಮುಂದಕ್ಕೆ ಸಾಗಿಸಬೇಕು. ಕೂಡು ಕುಟುಂಬದ ಹಿರಿಯ ಸೊಸೆ ಅಡಿಗೆಮನೆಯನ್ನೂ ಹೊರಜಗಲಿಯನ್ನೂ ಒಟ್ಟಿಗೆ ಗಮನಿಸುವಂತೆ ಅವನ ಕೆಲಸ. ಹೀಗಾಗಿ ಆಡುತ್ತಿರುವಾಗಲೇ ಅವನು ಅರೆ ತರಬೇತುದಾರನಾಗಿರುತ್ತಾನೆ. ನಾಯಕತ್ವವೂ ಅದಕ್ಕೆ ಕೂಡಿತೆಂದರೆ ಗುರುವಾಗುವುದಕ್ಕೆ ಬೇಕಾದ ಸಾಮಗ್ರಿಯೆಲ್ಲ ದೊರೆತಂತೆಯೇ.

2001ರಲ್ಲಿ ಚಾಪ್ಮನ್ ಆಟದಿಂದ ನಿವೃತ್ತರಾದರು. ಆಗ ಅವರಿಗೆ ಮೂವತ್ತು ವರ್ಷ. ಉಪಾಧ್ಯಾಯನಾದವನು, ರೈತನಾದವನು, ವೈದ್ಯನಾದವನು ಮೂವತ್ತನೆಯ ವಯಸ್ಸಿನಲ್ಲಿ ತನ್ನ ವೃತ್ತಿಯ ಹೊಸ್ತಿಲನ್ನು ದಾಟಿ ಒಳಮನೆಗೆ ಕಾಲಿಡುತ್ತಾನೆ. ಆಟಗಾರನಿಗೆ ಅದೇ ವಯಸ್ಸಿನಲ್ಲಿ ಬಾಗಿಲು ಮುಚ್ಚತೊಡಗುತ್ತದೆ. ನಿನ್ನೆಯವರೆಗೆ ಹೆಸರು ಹಿಡಿದು ಕೂಗುತ್ತಿದ್ದ ಜನ ಇಂದು ಬೇರೊಬ್ಬನ ಹೆಸರನ್ನು ಕೂಗುತ್ತಾರೆ. ಮೊಣಕಾಲಿನ ನೋವು ಮಾತ್ರ ಹಳೆಯ ದಿನಗಳನ್ನು ನೆನಪಿಸುತ್ತದೆ. ಆಟಗಾರನು ಹಾಗೆ ನಿಂತ ಗಳಿಗೆಯಲ್ಲಿ ಅವನ ಮುಂದೆ ಒಂದು ಪ್ರಶ್ನೆಯಿರುತ್ತದೆ: ಇಪ್ಪತ್ತು ವರ್ಷ ದುಡಿದು ಗಳಿಸಿದ ಈ ಅರಿವನ್ನು ಏನು ಮಾಡಬೇಕು? ಕೆಲವರು ಅದನ್ನು ನೆನಪಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ. ಚಾಪ್ಮನ್ ಹಾಗೆ ಮಾಡಲಿಲ್ಲ. ತಮ್ಮನ್ನು ರೂಪಿಸಿದ ಟಾಟಾ ಅಕಾಡೆಮಿಗೇ ಅವರು ತರಬೇತುದಾರರಾಗಿ ಮರಳಿದರು. ವಿದ್ಯಾರ್ಥಿಯಾಗಿ ಓಡಿದ ಹುಲ್ಲಿನ ಮೇಲೆ ಗುರುವಾಗಿ ನಡೆದರು.

ತರಬೇತುದಾರನ ಕೆಲಸವೆಂದರೇನು? ಹೊರಗಿನಿಂದ ನೋಡುವವರಿಗೆ ಅದು ಸುಲಭವೆಂದು ತೋರುತ್ತದೆ. ಹನ್ನೊಂದು ಮಂದಿ ಬೆವರು ಸುರಿಸುತ್ತಿರುವಾಗ ಅವನು ಗೆರೆಯ ಹೊರಗೆ ಕೈಕಟ್ಟಿ ನಿಂತಿರುತ್ತಾನಷ್ಟೆ! ಆದರೆ ತೊಂಬತ್ತು ನಿಮಿಷಗಳ ಆಟ ಅವನ ಪರೀಕ್ಷೆಯೇ ಹೊರತು ಪಾಠವಲ್ಲ. ಪಾಠ ನಡೆಯುವುದು ಅದಕ್ಕೆ ಮೊದಲಿನ ವಾರಗಳಲ್ಲಿ, ತಿಂಗಳುಗಳಲ್ಲಿ. ಯಾವ ಹುಡುಗನ ಎಡಗಾಲು ದುರ್ಬಲ, ಯಾರಿಗೆ ಉಸಿರು ಬೇಗ ಕಟ್ಟುತ್ತದೆ, ಯಾರು ಬೈದರೆ ಚುರುಕಾಗುತ್ತಾನೆ, ಯಾರು ಬೈದರೆ ಕುಗ್ಗುತ್ತಾನೆ ಎಂಬುದೆಲ್ಲ ಅವನಿಗೆ ತಿಳಿದಿರಬೇಕು. ಮನೆಯ ಕಷ್ಟವನ್ನು ಮನಸ್ಸಿನಲ್ಲಿ ಹೊತ್ತು ಬಂದವನ ಕಾಲು ಚೆಂಡಿನ ಮೇಲೆ ನಿಲ್ಲದು. ಅದನ್ನೂ ಅವನು ಮುಖ ನೋಡಿ ಅರಿಯಬೇಕು. ಪಂದ್ಯ ಆರಂಭವಾದ ಮೇಲೆ ಅವನ ಕೈಯಲ್ಲಿ ಉಳಿಯುವ ಅಧಿಕಾರ ಬಹಳ ಕಡಿಮೆ. ಅರ್ಧ ವಿರಾಮದ ಹದಿನೈದು ನಿಮಿಷಗಳ ಮಾತು, ಹಾಗೂ ಇಂದಿನ ನಿಯಮದಂತೆ ಐವರು ಬದಲಿ ಆಟಗಾರರು. ಇಷ್ಟೇ ಅವನ ಆಯುಧ.

ತಂಡವನ್ನು ನಿಲ್ಲಿಸುವ ಕ್ರಮವೂ ಅವನ ವಿದ್ಯೆಯ ಭಾಗವೇ. ಪತ್ರಿಕೆಗಳಲ್ಲಿ 4-4-2, 4-3-3 ಎಂಬ ಅಂಕಿಗಳು ಕಾಣುತ್ತವೆ. ಇವು ಗೋಲ್‌ಕೀಪರನನ್ನು ಬಿಟ್ಟು ಉಳಿದ ಹತ್ತು ಮಂದಿಯ ಹಂಚಿಕೆ. ಮೊದಲ ಅಂಕಿ ಹಿಂಪಡೆಯದು, ನಡುವಿನದು ಮಧ್ಯಪಡೆಯದು, ಕೊನೆಯದು ಮುಂಪಡೆಯದು. ನಾಲ್ವರನ್ನು ನಡುವೆ ನಿಲ್ಲಿಸಿದರೆ ಚೆಂಡು ತಮ್ಮ ಬಳಿ ಹೆಚ್ಚು ಹೊತ್ತು ಉಳಿದೀತು; ಆದರೆ ಗೋಲು ಹೊಡೆಯಲು ಮುಂದೆ ಇಬ್ಬರೇ ಉಳಿಯುತ್ತಾರೆ. ಮೂವರನ್ನು ಮುಂದೆ ಕಳುಹಿಸಿದರೆ ನಡುವೆ ಬಿರುಕು ಬಿಟ್ಟೀತು. ಒಂದೆಡೆ ಎಳೆದರೆ ಇನ್ನೊಂದೆಡೆ ಸಾಲದ ಕಂಬಳಿಯಂತೆ ಇದು. ಕಂಬಳಿಯ ಅಳತೆ ಎಲ್ಲರಿಗೂ ಒಂದೇ. ಚಳಿ ಎಲ್ಲಿಂದ ಬರುತ್ತದೆ ಎಂದು ಊಹಿಸಿ ಹೊದೆಯುವವನೇ ಜಾಣ. ಈ ವಿದ್ಯೆಗೆ ಈಗ ಕ್ರಮಬದ್ಧವಾದ ಪರೀಕ್ಷೆಗಳೂ ಇವೆ. ತರಬೇತುದಾರನಾಗ ಬಯಸುವವನು ಡಿ, ಸಿ, ಬಿ, ಎ, ಪ್ರೊ ಎಂಬ ಮೆಟ್ಟಿಲುಗಳನ್ನು ಒಂದೊಂದಾಗಿ ಏರಿ ಪರವಾನಗಿ ಪಡೆಯಬೇಕು. ಹಿಂದೆ ಎಷ್ಟು ಗೋಲು ಹೊಡೆದಿದ್ದರೂ ಇಲ್ಲಿ ಅವನು ಮತ್ತೆ ಮೊದಲ ಬೆಂಚಿನ ವಿದ್ಯಾರ್ಥಿ.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಘನತೆ ತಂದುಕೊಟ್ಟ ಮಹನೀಯರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಅವರು ಆಟಗಾರರಾಗಿದ್ದವರು, ವೃತ್ತಿಯಿಂದ ಶಾಲಾ ಉಪಾಧ್ಯಾಯರು. ಜನ ಅವರನ್ನು 'ರಹೀಂ ಸಾಹೇಬ'ರೆಂದೇ ಕರೆದರು. ದುರ್ಬಲವಾದ ಕಾಲಿನಿಂದ ಮಾತ್ರ ಚೆಂಡನ್ನು ಒದೆಯಬೇಕೆಂಬ ಕಟ್ಟಳೆ ವಿಧಿಸಿ ಅವರು ಪಂದ್ಯಗಳನ್ನು ಏರ್ಪಡಿಸುತ್ತಿದ್ದರು. ಬಲಗೈಯವನಿಗೆ ಎಡಗೈಯಲ್ಲಿ ಬರೆಯಿಸುವ ಮೇಷ್ಟರ ಉಪಾಯ ಅದು. ಅವರ ತರಬೇತಿಯಲ್ಲಿ ಭಾರತವು 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನದ ಪದಕ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಮೆಲ್ಬರ್ನಿಗೆ ಹೋದ ಆ ತಂಡದಲ್ಲಿ ಮೈಸೂರು ಸೀಮೆಯ ಕೆಂಪಯ್ಯನವರೂ ಇದ್ದರು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟಕ್ಕೆ ತಂಡವನ್ನು ಕರೆದೊಯ್ದಾಗ ರಹೀಮರು ಕ್ಯಾನ್ಸರಿನಿಂದ ನರಳುತ್ತಿದ್ದರು. ಆ ಸ್ಥಿತಿಯಲ್ಲಿಯೂ ಅವರು ತಂಡವನ್ನು ಅಣಿಗೊಳಿಸಿದರು. ಅಂತಿಮ ಪಂದ್ಯದಲ್ಲಿ ಭಾರತವು ದಕ್ಷಿಣ ಕೊರಿಯವನ್ನು 2-1ರಿಂದ ಸೋಲಿಸಿ ಮತ್ತೆ ಚಿನ್ನ ಗೆದ್ದಿತು. ಮರುವರ್ಷ ಜೂನ್ ತಿಂಗಳಲ್ಲಿ ರಹೀಮರು ಕಣ್ಮುಚ್ಚಿದರು. ಅವರ ಬಳಿಕ ಭಾರತಕ್ಕೆ ಏಷ್ಯನ್ ಕ್ರೀಡಾಕೂಟದ ಕಾಲ್ಚೆಂಡಾಟದ ಚಿನ್ನ ಮತ್ತೆ ದೊರೆತಿಲ್ಲ. ಗುರುವಿನ ಬೆಲೆ ಏನೆಂಬುದನ್ನು ಈ ಒಂದು ಸಂಗತಿಯೇ ಹೇಳುತ್ತದೆ.

ಚಾಪ್ಮನ್ ಅವರಿಗೆ ದೇಶದ ತಂಡವನ್ನಾಗಲಿ, ತಾವು ಮೆರೆದ ದೊಡ್ಡ ಕ್ಲಬ್ಬುಗಳನ್ನಾಗಲಿ ಮುಖ್ಯ ತರಬೇತುದಾರರಾಗಿ ನಡೆಸುವ ಯೋಗ ಬರಲಿಲ್ಲ. ಅವರ ಪಾಲಿಗೆ ಬಂದುದು ಆಗ ತಾನೇ ಚಿಗುರುತ್ತಿದ್ದ ಸಣ್ಣ ತಂಡಗಳು. ಮೇಘಾಲಯದ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋ, ಕಲ್ಕತ್ತೆಯ ಭವಾನೀಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದೆಹಲಿಯ ಸುದೇವ, ಕೇರಳದ ಕೋಳಿಕ್ಕೋಡಿನ ಕ್ವಾರ್ಟ್ಸ್ ಹೀಗೆ ದೇಶದ ನಾಲ್ಕು ದಿಕ್ಕುಗಳಲ್ಲಿಯೂ ಅವರು ಕಿರಿಯರಿಗೆ ಆಟ ಹೇಳಿಕೊಟ್ಟರು. ದೇಶದ ನಾಯಕನಾಗಿದ್ದವನು ಹೆಸರಿಲ್ಲದ ಹುಡುಗರ ಮುಂದೆ ನಿಂತು, ಚೆಂಡನ್ನು ಪಾದದ ಒಳಬದಿಯಿಂದ ಹೇಗೆ ತಳ್ಳಬೇಕೆಂಬ ಮೊದಲ ಪಾಠವನ್ನು ನೂರಾರು ಬಾರಿ ಹೇಳುವುದಕ್ಕೆ ತಾಳ್ಮೆ ಬೇಕು. ತಾಳ್ಮೆಗಿಂತ ಹೆಚ್ಚಾಗಿ ವಿನಯ ಬೇಕು. ಒಂದು ತಂಡದಲ್ಲಿ ಬಹುಕಾಲ ನೆಲೆನಿಲ್ಲುವ ಭಾಗ್ಯವೂ ಇಂತಹ ತರಬೇತುದಾರನಿಗೆ ಇರುವುದಿಲ್ಲ. ಗೆದ್ದಾಗ ಗೆಲುವು ಆಟಗಾರರದು, ಸೋತಾಗ ಸೋಲು ತರಬೇತುದಾರನದು ಎಂಬುದು ಈ ವೃತ್ತಿಯ ಅಲಿಖಿತ ನಿಯಮ.

ಆಟಗಾರನು ಗುರುವಾಗಿ ಬೆಳೆಯಲು ಕಾಲ ಬೇಕೆಂಬುದಕ್ಕೆ ಭೂಗೋಳದ ಇನ್ನೊಂದು ಬದಿಯಿಂದ ಒಂದು ನಿದರ್ಶನವನ್ನು ತೆಗೆದುಕೊಳ್ಳಬಹುದು. ದಕ್ಷಿಣ ಅಮೆರಿಕದ ಚಿಲಿ ದೇಶದ ಮ್ಯಾನುಯೆಲ್ ಪೆಲ್ಲೆಗ್ರಿನಿ 1953ರಲ್ಲಿ ಜನಿಸಿದವರು. 1973ರಿಂದ 1986ರವರೆಗೆ ಅವರು ಯೂನಿವರ್ಸಿಡಾಡ್ ಡಿ ಚಿಲಿ ಎಂಬ ಒಂದೇ ಕ್ಲಬ್ಬಿಗೆ ಹಿಂಪಡೆಯಲ್ಲಿ ಆಡಿದರು. ಅದರ ನಡುವೆಯೇ ಸಿವಿಲ್ ಎಂಜಿನಿಯರಿಂಗ್ ಪದವಿಯನ್ನೂ ಪಡೆದರು. ನಿವೃತ್ತರಾದ ಮೇಲೆ ಅದೇ ಕ್ಲಬ್ಬಿನ ತರಬೇತುದಾರರಾದರು. 1988ರ ಋತುವಿನಲ್ಲಿ ಆ ತಂಡವು ತನ್ನ ಇತಿಹಾಸದಲ್ಲಿಯೇ ಮೊದಲ ಬಾರಿಗೆ ಎರಡನೆಯ ದರ್ಜೆಗೆ ಇಳಿಯಿತು. ಮೊದಲ ಹೆಜ್ಜೆಯೇ ಎಡವಿದಂತಾಯಿತು. ಆದರೆ ಅವರು ಹಿಂಜರಿಯಲಿಲ್ಲ. 1999ರಲ್ಲಿ ಈಕ್ವೆಡಾರಿನಲ್ಲಿಯೂ, 2001ರಲ್ಲಿ ಅರ್ಜೆಂಟೀನದಲ್ಲಿಯೂ ತಮ್ಮ ತಂಡಗಳಿಗೆ ಪ್ರಶಸ್ತಿ ತಂದುಕೊಟ್ಟರು. ಸ್ಪೇನಿನ ವಿಲ್ಯಾರಿಯಲ್ ಎಂಬ ಪುಟ್ಟ ಪಟ್ಟಣದ ತಂಡವನ್ನು 2006ರಲ್ಲಿ ಯೂರೋಪಿನ ಚಾಂಪಿಯನ್ನರ ಪಂದ್ಯಾವಳಿಯ ಉಪಾಂತ್ಯದವರೆಗೆ ಕೊಂಡೊಯ್ದರು. 2014ರಲ್ಲಿ ಮ್ಯಾಂಚೆಸ್ಟರ್ ಸಿಟಿ ಇಂಗ್ಲೆಂಡಿನ ಲೀಗನ್ನು ಗೆದ್ದಾಗ ಅದರ ಮ್ಯಾನೇಜರ್ ಪೆಲ್ಲೆಗ್ರಿನಿಯವರೇ. 2022ರಲ್ಲಿ ಸ್ಪೇನಿನ ರಿಯಲ್ ಬೆಟಿಸ್ ತಂಡ ರಾಜನ ಕಪ್ಪನ್ನು ಗೆದ್ದಿತು. ಆಗ ಅವರಿಗೆ 68 ವರ್ಷ. ಮೊದಲ ಸೋಲಿನಿಂದ ಇಂಗ್ಲೆಂಡಿನ ಆ ಗೆಲುವಿನವರೆಗೆ ಇಪ್ಪತ್ತೈದು ವರ್ಷಗಳಿಗಿಂತ ಹೆಚ್ಚು ಕಾಲ ಅವರಿಗೆ ಹಿಡಿಯಿತು.

ಚಾಪ್ಮನ್ ಅವರಿಗೆ ಕಾಲ ಅಷ್ಟು ಉದಾರವಾಗಲಿಲ್ಲ. 2020ರ ಅಕ್ಟೋಬರ್ 12ರಂದು, ತಮ್ಮ ಹುಟ್ಟೂರಾದ ಬೆಂಗಳೂರಿನಲ್ಲಿ, ಹೃದಯಾಘಾತದಿಂದ ಅವರು ತೀರಿಕೊಂಡರು. ಆಗ ಅವರಿಗೆ 49 ವರ್ಷ. ಪೆಲ್ಲೆಗ್ರಿನಿ ಅದೇ ವಯಸ್ಸಿನಲ್ಲಿ ಇನ್ನೂ ಯೂರೋಪಿಗೆ ಕಾಲಿಟ್ಟಿರಲಿಲ್ಲ ಎಂಬುದನ್ನು ನೆನೆದರೆ, ನಮ್ಮ ನಾಡು ಕಳೆದುಕೊಂಡುದು ಎಷ್ಟೆಂಬುದು ಅರಿವಾಗುತ್ತದೆ. ಚಾಪ್ಮನ್ ಆಡಿದ ತಂಡಗಳಲ್ಲಿಯೂ ಎಲ್ಲವೂ ಉಳಿಯಲಿಲ್ಲ. ಎಫ್.ಸಿ. ಕೊಚ್ಚಿನ್ 2002ರಲ್ಲಿ ಮುಚ್ಚಿತು. ಒಂದು ಕಾಲಕ್ಕೆ ದೇಶವನ್ನೇ ಗೆದ್ದ ಜೆ.ಸಿ.ಟಿ. 2011ರಲ್ಲಿ ತನ್ನ ತಂಡವನ್ನು ವಿಸರ್ಜಿಸಿತು. ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಕೂಡ 2007ರಲ್ಲಿ ಕೊನೆಗೊಂಡು ಐ-ಲೀಗ್ ಎಂಬ ಬೇರೆ ಹೆಸರು ತಾಳಿತು. ಕಪ್ಪುಗಳು ಕಪಾಟು ಸೇರಿದುವು, ಕಪಾಟುಗಳು ಧೂಳು ಹಿಡಿದುವು.

ಹಾಗಾದರೆ ಉಳಿದುದೇನು? ಚಾಪ್ಮನ್ ತರಬೇತುಗೊಳಿಸಿದ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋ ತಂಡವು, ಅವರು ಅಲ್ಲಿಂದ ಹೊರಟ ಬಳಿಕ, 2014-15ರ ಐ-ಲೀಗಿನಲ್ಲಿ ಮೂರನೆಯ ಸ್ಥಾನ ಪಡೆದು ದೇಶವನ್ನು ಬೆರಗುಗೊಳಿಸಿತು. ಆ ಹೊತ್ತಿಗೆ ತಂಡದ ಚುಕ್ಕಾಣಿ ಬೇರೊಬ್ಬರ ಕೈಯಲ್ಲಿತ್ತು. ಬಿತ್ತುವವನು ಒಬ್ಬ, ಕೊಯ್ಯುವವನು ಇನ್ನೊಬ್ಬ. ಬೆಳೆ ಮಾತ್ರ ಊರಿನದು. ಗುರುವಿನ ಬದುಕಿನಲ್ಲಿ ಹೀಗೆ ಆಗುವುದು ಸಹಜ. ಒಂದನೆಯ ತರಗತಿಯಲ್ಲಿ ಅಕ್ಷರ ತಿದ್ದಿಸಿದ ಉಪಾಧ್ಯಾಯರು ಆ ಹುಡುಗ ಪದವಿ ಪಡೆಯುವ ದಿನ ಸಭೆಯಲ್ಲಿ ಇರುವುದಿಲ್ಲ. ಆದರೆ ಅವನು ಸಹಿ ಹಾಕುವಾಗ ಅಕ್ಷರಗಳ ದುಂಡಿನಲ್ಲಿ ಅವರ ಬೆರಳು ಇದ್ದೇ ಇರುತ್ತದೆ.

ಕರ್ನಾಟಕದ ಕಾಲ್ಚೆಂಡಾಟವೂ ಮತ್ತೆ ಚಿಗುರಿದೆ. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಕರ್ನಾಟಕ ತಂಡವು ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ಗೆದ್ದುಕೊಂಡಿತು. ಮೈಸೂರು ಎಂಬ ಹೆಸರಿನಲ್ಲಿ ನಾಲ್ಕು ಬಾರಿ ಬಂದಿದ್ದ ಕಪ್ಪು ಕರ್ನಾಟಕವೆಂಬ ಹೆಸರಿಗೆ ಬಂದುದು ಅದೇ ಮೊದಲು. 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್.ಸಿ. ತಂಡವು ತನ್ನ ಮೊದಲ ಋತುವಿನಲ್ಲಿಯೇ ಐ-ಲೀಗನ್ನು ಗೆದ್ದಿತು. ಹೆಸರು ಗಳಿಸಲು ಕಲ್ಕತ್ತೆಗೇ ಹೋಗಬೇಕೆಂಬ ಹಳೆಯ ಮಾತು ಅಂದಿಗೆ ಸುಳ್ಳಾಯಿತು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ 2018ರಲ್ಲಿ ದೊಡ್ಡದೊಂದು ಕ್ರೀಡಾ ತರಬೇತಿ ಸಂಸ್ಥೆ ಆರಂಭವಾಗಿದೆ. ಬೆಂಗಳೂರು ಎಫ್.ಸಿ.ಯ ಆಟಗಾರರು ಋತುವಿನ ಆರಂಭಕ್ಕೆ ಮೊದಲು ಅಲ್ಲಿಗೆ ಬಂದು ಅಭ್ಯಾಸ ಮಾಡಿದ್ದಾರೆ. ಕಬ್ಬಿಣದ ಅದಿರಿಗೆ ಹೆಸರಾದ ನೆಲದಲ್ಲಿ ಈಗ ಮನುಷ್ಯರ ದೇಹಬಲವನ್ನೂ ಹದಗೊಳಿಸಲಾಗುತ್ತಿದೆ.

ಆದರೆ ಕಟ್ಟಡಗಳಿಂದ ಮಾತ್ರ ಆಟಗಾರರು ಹುಟ್ಟುವುದಿಲ್ಲ. "ಮುಂದೆ ಗುರಿಯಿರಬೇಕು, ಹಿಂದೆ ಗುರುವಿರಬೇಕು" ಎಂಬುದು ನಮ್ಮ ಹಿರಿಯರ ಮಾತು. ತುಂಗಭದ್ರೆಯ ದಂಡೆಯ ಗದ್ದೆಬಯಲಿನಲ್ಲಿ ಆಡುವ ಮಕ್ಕಳಿಗೆ ಗುರಿಯನ್ನು ತೋರಿಸಲು ನೆಟ್ಟ ಎರಡು ಕಲ್ಲು ಸಾಕು. ಗುರುವನ್ನು ಮಾತ್ರ ಸಮಾಜ ತಾನಾಗಿ ಉಳಿಸಿಕೊಳ್ಳಬೇಕು. ಆಡಿ ದಣಿದು ಬಂದವನನ್ನು ಮರೆಯದೆ ಕರೆದು, ಅವನಿಗೆ ಒಂದು ಬಯಲನ್ನೂ ಹತ್ತು ಮಕ್ಕಳನ್ನೂ ಒಪ್ಪಿಸಿದರೆ ಸಾಕು. ಉಳಿದುದನ್ನು ಅವನು ಮಾಡಿಕೊಳ್ಳುತ್ತಾನೆ. ಕಾರ್ಲ್‌ಟನ್ ಚಾಪ್ಮನ್ ಇರಾಕಿನ ತಂಡದ ಮೇಲೆ ಹೊಡೆದ ಮೂರು ಗೋಲುಗಳನ್ನು ದಾಖಲೆಗಳು ಬರೆದಿಟ್ಟಿವೆ. ಶಿಲ್ಲಾಂಗಿನಲ್ಲಿ, ಕೋಳಿಕ್ಕೋಡಿನಲ್ಲಿ, ಜಮ್‌ಶೆಡ್‌ಪುರದಲ್ಲಿ ಅವರು ತಿದ್ದಿದ ಕಾಲುಗಳ ಲೆಕ್ಕವನ್ನು ಯಾವ ದಾಖಲೆಯೂ ಇಟ್ಟಿಲ್ಲ. ಇಂದು ಅಲ್ಲಿನ ಯಾವುದೋ ಮೈದಾನದಲ್ಲಿ ಒಬ್ಬ ತರುಣ ತಲೆಯೆತ್ತಿ ನೋಡಿ, ಚೆಂಡನ್ನು ಸರಿಯಾದ ಗೆಳೆಯನಿಗೆ ಸರಿಯಾದ ಗಳಿಗೆಯಲ್ಲಿ ಕಳುಹಿಸಿದರೆ, ಆ ಲೆಕ್ಕ ಅಲ್ಲಿ ಸಂದಂತಾಗುತ್ತದೆ.